ಚಪ್ಪಲಿ, ಗಿಟಾರು, ಮೊಬೈಲು: ಭಾನುವಾರದ ಆರಾಧನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಹೊಂಗೆ ಮರದ ಕೆಳಗೆ ಟೀ ಕೊಡುತ್ತಾರೆ. ಒಳಗೆ ಒಂದೂವರೆ ಗಂಟೆ ಯಾರೂ ಕೇಳದ ಪ್ರಶ್ನೆಗಳೆಲ್ಲ ಅಲ್ಲಿ ಹೊರಗೆ ಬರುತ್ತವೆ. ನಾನು ಪಾದ್ರಿ ಅಲ್ಲ. ಇಪ್ಪತ್ತೆರಡು ವರ್ಷದಿಂದ ಕ್ವೈರಿನಲ್ಲಿ ಹಾಡುತ್ತಿದ್ದೇನೆ, ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಹಾಗಾಗಿ ಹಿರಿಯರ ದೂರೂ ಕೇಳಿದ್ದೇನೆ, ಹುಡುಗರ ದೂರೂ ಕೇಳಿದ್ದೇನೆ. ಟೀ ಆರುವ ಮೊದಲು ಹೇಳಿ ಮುಗಿಸಲಾಗದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಮ್ಮದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಕನ್ನಡ ಸಭೆ. ಬೇರೆ ಸಭೆಗಳ ಪದ್ಧತಿ ಬೇರೆ ಇರುತ್ತದೆ, ಅದನ್ನೂ ಅಲ್ಲಲ್ಲಿ ಹೇಳಿದ್ದೇನೆ.

ಚರ್ಚಿನಲ್ಲಿ ಭಕ್ತಿ ಅಂದರೆ ಏನು? ಮುಖ ಗಂಭೀರವಾಗಿ ಇಟ್ಟುಕೊಂಡರೆ ಸಾಕಾ?

ಮುಖ ಗಂಭೀರವಾಗಿರೋಕೆ ಎಷ್ಟೋ ಕಾರಣ ಇರುತ್ತೆ. ಅಸಿಡಿಟಿ ಕೂಡ ಒಂದು.

ನಮ್ಮ ಹಳೆ ಕನ್ನಡ ಬೈಬಲಿನಲ್ಲಿ ‘ಅಡ್ಡಬಿದ್ದು’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಇಂಗ್ಲಿಷಿನವರು ವರ್ಷಿಪ್ ಅನ್ನುವ ಎಷ್ಟೋ ಕಡೆ ಮೂಲ ಹೀಬ್ರೂ ಮಾತಿನ ಅರ್ಥವೂ ಅದೇ: ಬಗ್ಗು, ನೆಲಕ್ಕೆ ಬೀಳು. ಅಂದರೆ ಭಕ್ತಿ ಮೊದಲು ಮೈಯಲ್ಲಿ ಆಗುವ ಕೆಲಸ. ದೊಡ್ಡವರೊಬ್ಬರು ಎದುರಿಗೆ ಇದ್ದಾರೆ ಅಂತ ಮೈಗೆ ಗೊತ್ತಾಗಬೇಕು. ನಮ್ಮವರು ‘ಭಯಭಕ್ತಿ’ ಅಂತ ಎರಡನ್ನೂ ಕೂಡಿಸಿ ಹೇಳುವುದು ನನಗೆ ಇಷ್ಟ. ಚಿಕ್ಕವಳಿದ್ದಾಗ ಅಜ್ಜ ಊರಿಂದ ಬಂದರೆ ನಾವು ಓಡಿಹೋಗುತ್ತಿದ್ದೆವು, ಆದರೆ ಅವರ ಎದುರು ಕಾಲು ಚಾಚಿ ಕೂರುತ್ತಿರಲಿಲ್ಲ. ಖುಷಿ ಇತ್ತು, ಸಲಿಗೆ ಇತ್ತು, ಅಳತೆಯೂ ಇತ್ತು. ಹೆಚ್ಚುಕಡಿಮೆ ಹಾಗೇ ಅಂದುಕೊಳ್ಳಿ.

ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾ?

ಬಾಗಿಲ ಬಳಿ ನೋಡಿ. ಚಪ್ಪಲಿ ಸಾಲು ಇದ್ದರೆ ಬಿಡಿ, ಇಲ್ಲದಿದ್ದರೆ ಹಾಕಿಕೊಂಡೇ ಹೋಗಿ.

ಬೈಬಲಿನ ವಿಮೋಚನಕಾಂಡ 3ನೇ ಅಧ್ಯಾಯದಲ್ಲಿ ಉರಿಯುವ ಪೊದೆಯ ಮುಂದೆ ಮೋಶೆಗೆ ಕೆರ ಬಿಚ್ಚು ಅಂತ ದೇವರು ಹೇಳುತ್ತಾನೆ. ನಮ್ಮ ಎಷ್ಟೋ ಹಳ್ಳಿ ಸಭೆಗಳಲ್ಲಿ ಇವತ್ತೂ ಹೊರಗೆ ಚಪ್ಪಲಿ ಬಿಟ್ಟು, ಚಾಪೆ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುತ್ತಾರೆ. ಬೆಂಗಳೂರಿನ ದೊಡ್ಡ ಚರ್ಚುಗಳಲ್ಲಿ ಬೂಟು ಹಾಕಿಕೊಂಡು ಬೆಂಚಿನ ಮೇಲೆ. ಎರಡೂ ರೂಢಿ ಅಷ್ಟೆ. ಬೂಟು ಬ್ರಿಟಿಷರ ಜೊತೆ ಬಂತು. ಅವರ ಊರಲ್ಲಿ ಗಂಡಸು ಗೌರವ ತೋರಿಸೋಕೆ ಟೋಪಿ ತೆಗೆಯುತ್ತಾನೆ, ನಾವು ಚಪ್ಪಲಿ ತೆಗೆಯುತ್ತೇವೆ.

ಕ್ಯಾಥೊಲಿಕರು ಈ ಬಗ್ಗೆ ನಮಗಿಂತ ಜಾಸ್ತಿ ಯೋಚನೆ ಮಾಡಿದ್ದಾರೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನೆ ಕುರಿತ ದಾಖಲೆ ಹೊರಡಿಸಿ, ಲ್ಯಾಟಿನ್ ಬದಲು ಜನರ ಮಾತಿನಲ್ಲಿ ಪೂಜೆ ಮಾಡಲು ದಾರಿ ತೆರೆಯಿತು. 1969ರಲ್ಲಿ ಭಾರತದ ಪೂಜೆಗೆ ಹನ್ನೆರಡು ಅಂಶಗಳಿಗೆ ರೋಮಿನಿಂದ ಒಪ್ಪಿಗೆ ಸಿಕ್ಕಿತು. ಚಪ್ಪಲಿ ಬಿಡುವುದು, ನೆಲದ ಮೇಲೆ ಕೂರುವುದು, ಕೈ ಮುಗಿಯುವುದು, ಆರತಿ, ಎಲ್ಲ ಅದರಲ್ಲಿ ಇದ್ದವು. ಬೆಂಗಳೂರಿನಲ್ಲೇ 1967ರಲ್ಲಿ ಅಮಲೋರ್‌ಪವದಾಸ್ ಅನ್ನುವ ಗುರುಗಳು ಇಂಥ ಪ್ರಯೋಗಕ್ಕೆ ಒಂದು ರಾಷ್ಟ್ರೀಯ ಕೇಂದ್ರ ಕಟ್ಟಿದರು. ಇದೆಲ್ಲ ಹಿಂದೂ ಪದ್ಧತಿ ಅಂತ ಸಿಟ್ಟಾದ ಕ್ಯಾಥೊಲಿಕರೂ ಆಗ ಕಡಿಮೆ ಇರಲಿಲ್ಲ. ಚಪ್ಪಲಿ ಬಿಟ್ಟರೆ ಒಬ್ಬರಿಗೆ ಭಕ್ತಿ, ಇನ್ನೊಬ್ಬರಿಗೆ ಕಲಬೆರಕೆ!

ಗಿಟಾರು, ಡ್ರಮ್ಸು ಬಂದ ಮೇಲೆ ಭಕ್ತಿ ಹೋಯಿತು ಅಂತ ಹಿರಿಯರು ಹೇಳುತ್ತಾರೆ. ನಿಜವಾ?

ನಾನು ಆರ್ಗನ್ ಕಡೆಯವಳು. ಅದನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ. ಆದರೆ ಆರ್ಗನ್ ಚರಿತ್ರೆ ಓದಿದ ಮೇಲೆ ನನ್ನ ಬಾಯಿ ಸ್ವಲ್ಪ ಕಟ್ಟಿದೆ.

1520ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಕ್ ಊರಿನ ಸುಧಾರಕ ಜ್ವಿಂಗ್ಲಿ ಚರ್ಚಿನಲ್ಲಿ ಆರ್ಗನ್ ನುಡಿಸುವುದನ್ನೇ ನಿಲ್ಲಿಸಿದ. ಆಮೇಲೆ ಅವನ್ನು ಕಿತ್ತೂ ಹಾಕಿದರು. ಅವನೇನು ಸಂಗೀತ ಗೊತ್ತಿಲ್ಲದವನಲ್ಲ, ಹಲವು ವಾದ್ಯ ನುಡಿಸುತ್ತಿದ್ದ. ಜನ ದೇವರನ್ನು ಬಿಟ್ಟು ನಾದಕ್ಕೆ ಮರುಳಾಗುತ್ತಾರೆ ಅನ್ನುವುದು ಅವನ ಭಯ. ಈಗ ನಮ್ಮ ಹಿರಿಯರು ಡ್ರಮ್ಸ್ ಬಗ್ಗೆ ಹೇಳುವ ಮಾತೂ ಅದೇ ಅಲ್ವಾ? ಅದೇ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಿಂದ 1834ರಲ್ಲಿ ಮಿಷನರಿಗಳು ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಹೋದರು. ಅವರ ಕಾಲದ ಜರ್ಮನ್ ರಾಗಗಳನ್ನು ನಾವು ‘ನಮ್ಮ ಹಳೆ ಹಾಡು’ ಅಂತ ಹಾಡುತ್ತೇವೆ.

ಆ ಹಾಡುಗಳ ಒಂದು ಗುಟ್ಟು ಕ್ವೈರಿನವರಿಗೆ ಮಾತ್ರ ಗೊತ್ತು. ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂರಿಸಿದಾಗ ಹ್ರಸ್ವ ಅಕ್ಷರ ಬಂದ ಕಡೆ ರಾಗ ಉದ್ದ ಎಳೆಯುತ್ತದೆ. ‘ನಿನಗೆ’ ಅನ್ನುವುದು ಹಾಡುವಾಗ ‘ನೀನಾಗೇ’ ಆಗಿಬಿಡುತ್ತದೆ. ಹೊಸದಾಗಿ ಸೇರಿದ ಮಕ್ಕಳು ಮೊದಲ ದಿನ ಇದಕ್ಕೆ ನಗುತ್ತಾರೆ. ಮೂರು ತಿಂಗಳಾದ ಮೇಲೆ ಅವರೂ ಹಾಗೇ ಹಾಡುತ್ತಾರೆ, ನಗು ನಿಂತಿರುತ್ತದೆ. ನಿಘಂಟು ಮಾಡಿದ ಕಿಟೆಲ್‌ಗೆ ಈ ತೊಡಕು ಕಂಡಿರಬೇಕು. ಅವರು ಯೇಸುವಿನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಪದ್ಯ ಮಾಡಿದರು. ನಮ್ಮ ಸಭೆಗಳು ಆ ದಾರಿಯಲ್ಲಿ ಇನ್ನೂ ಜಾಸ್ತಿ ನಡೆಯಬೇಕಿತ್ತು ಅಂತ ನನಗೆ ಬೇಸರ ಇದೆ.

ಇನ್ನು ಗಿಟಾರು. ಪ್ರತಿ ಕ್ರಿಸ್ಮಸ್‌ಗೆ ದೀಪ ಆರಿಸಿ, ಮೇಣದ ಬತ್ತಿ ಹಿಡಿದು, ಕಣ್ಣು ತುಂಬಿಕೊಂಡು ‘ಸೈಲೆಂಟ್ ನೈಟ್’ ಹಾಡುತ್ತೇವಲ್ಲ, ಅದನ್ನು ಮೊದಲು ಹಾಡಿದ್ದು 1818ರ ಕ್ರಿಸ್ಮಸ್ ಹಿಂದಿನ ರಾತ್ರಿ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಅನ್ನುವ ಊರಿನ ಚರ್ಚಿನಲ್ಲಿ. ಜೊತೆಗಿದ್ದ ವಾದ್ಯ ಗಿಟಾರು. ನಮ್ಮದೇ ಅಂದುಕೊಂಡಿರುವ ಹಾರ್ಮೋನಿಯಂ ಕೂಡ 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು.

ಹಾಗಂತ ಎಲ್ಲ ಗದ್ದಲವೂ ಸರಿ ಅಲ್ಲ. ನನ್ನ ಅಳತೆ ಒಂದೇ: ಸಭೆಯವರು ಹಾಡುವ ದನಿ ಅವರಿಗೇ ಕೇಳಿಸುತ್ತಾ? ಸ್ಪೀಕರ್ ಎಷ್ಟು ಜೋರಾಗಿದೆ ಅಂದರೆ ಪಕ್ಕದಲ್ಲಿರುವ ಅಜ್ಜಿಯ ತುಟಿ ಮಾತ್ರ ಆಡುತ್ತಿದೆ, ದನಿ ಇಲ್ಲ ಅಂದರೆ ಅಲ್ಲಿ ಹಾಡುತ್ತಿರುವುದು ವೇದಿಕೆ ಮಾತ್ರ. ಆರ್ಗನ್ ನುಡಿಸುವವರೂ ಈ ತಪ್ಪು ಮಾಡುತ್ತಾರೆ, ಡ್ರಮ್ಸ್ ಹುಡುಗನನ್ನು ಮಾತ್ರ ಬೈಯಬೇಡಿ.

ಕೈ ಎತ್ತಿ, ಕಣ್ಣೀರು ಹಾಕಿ ಹಾಡುವವರು ನಾಟಕ ಮಾಡುತ್ತಾರಾ?

ಕೆಲವರು ಮಾಡಬಹುದು. ಕೈ ಕಟ್ಟಿ ನೆಟ್ಟಗೆ ನಿಂತವರೂ ನಾಟಕ ಮಾಡಬಹುದು. ರಾಜ ದಾವೀದ ಮಂಜೂಷದ, ಅಂದರೆ ದೇವರ ಪವಿತ್ರ ಪೆಟ್ಟಿಗೆಯ, ಮುಂದೆ ಕುಣಿದದ್ದನ್ನು ಕಿಟಕಿಯಿಂದ ನೋಡಿ ಹೆಂಡತಿ ಮೀಕಲ ಹೀಯಾಳಿಸಿದಳು. 2 ಸಮುವೇಲ 6 ಓದಿ ನೋಡಿ, ಕಥೆ ಅವಳ ಪರವಾಗಿಲ್ಲ. ಹಾಗೇ ದೇವಾಲಯದಲ್ಲಿ ದೂರ ನಿಂತು, ತಲೆ ಎತ್ತದೆ ಎದೆ ಬಡಿದುಕೊಂಡ ಸುಂಕದವನ ಕಥೆಯನ್ನು ಯೇಸುವೇ ಹೇಳಿದ. ಒಬ್ಬ ಕುಣಿದ, ಇನ್ನೊಬ್ಬ ಮೂಲೆ ಹಿಡಿದ. ಇಬ್ಬರೂ ಯಾರು ನೋಡುತ್ತಿದ್ದಾರೆ ಅಂತ ಲೆಕ್ಕ ಹಾಕಲಿಲ್ಲ.

ನನಗೆ ಕಿರಿಕಿರಿ ಆಗುವುದು ಮೈಕು ಹಿಡಿದವರು “ಎಲ್ಲರೂ ಕೈ ಎತ್ತಿ! ಇನ್ನೂ ಜೋರಾಗಿ! ನಿಮ್ಮ ಮುಖದಲ್ಲಿ ಸಂತೋಷ ಕಾಣುತ್ತಿಲ್ಲ!” ಅಂತ ಒತ್ತಾಯ ಮಾಡಿದಾಗ. ಹಿಂದಿನ ದಿನ ತಾನೇ ಕೆಲಸ ಕಳೆದುಕೊಂಡವನು ಆ ಸಾಲಿನಲ್ಲಿ ನಿಂತಿರಬಹುದು. ಅವನ ಮುಖ ಅವನ ಪಾಡಿಗೆ ಇರಲಿ ಬಿಡಿ. ಬೈಬಲಿನ ನೂರೈವತ್ತು ಕೀರ್ತನೆಗಳಲ್ಲಿ ಅಳುವ ಕೀರ್ತನೆಗಳೇ ಒಂದು ದೊಡ್ಡ ಪಾಲು. ಹೊಸ ಹಾಡುಗಳಲ್ಲಿ ಅಂಥವು ತುಂಬಾ ಕಡಿಮೆ, ಇದು ನನ್ನ ತಕರಾರು.

ಪುಸ್ತಕ ನೋಡಿ ಓದುವ ಪ್ರಾರ್ಥನೆ ಮನಸ್ಸಿನಿಂದ ಬರುತ್ತಾ? ಸುಮ್ನೆ ಬಾಯಿಪಾಠ ಅಲ್ವಾ?

ಈ ಪ್ರಶ್ನೆ ನನ್ನ ಸಂಡೇ ಸ್ಕೂಲ್ ಹುಡುಗರದ್ದು. ಅವರಲ್ಲಿ ಕೆಲವರು ಸಂಜೆ ಬೇರೆ ಫೆಲೋಶಿಪ್‌ಗೂ ಹೋಗುತ್ತಾರೆ. ಅಲ್ಲಿ ಎಲ್ಲರೂ ಸ್ವಂತ ಮಾತಿನಲ್ಲಿ ಪ್ರಾರ್ಥಿಸುತ್ತಾರೆ. ಅದಕ್ಕೆ ಹೋಲಿಸಿದರೆ ನಮ್ಮ ಕೆಂಪು ರಟ್ಟಿನ ಪುಸ್ತಕ ಒಣಗಿದ ಹಾಗೆ ಕಾಣುತ್ತದೆ.

ಬಾಯಿಪಾಠ ಆಗುತ್ತದೆ, ಸುಳ್ಳಲ್ಲ. ಪಾಪದ ಅರಿಕೆ ಓದುತ್ತಾ ಮಧ್ಯಾಹ್ನದ ಸಾರಿಗೆ ಹುಣಸೆಹಣ್ಣು ನೆನೆಹಾಕಿದೆನಾ ಅಂತ ನಾನೇ ಯೋಚಿಸಿದ್ದಿದೆ. ಯೆಶಾಯ 29ರಲ್ಲಿ ಈ ಜನ ತುಟಿಯಿಂದ ನನ್ನನ್ನು ಸನ್ಮಾನಿಸುತ್ತಾರೆ, ಹೃದಯ ಮಾತ್ರ ದೂರ ಇದೆ ಅನ್ನುವ ದೂರು ಇದೆ. ಅದು ನನ್ನಂಥವರಿಗೇ ಹೇಳಿದ್ದು.

ಆದರೆ ಸ್ವಂತ ಮಾತೂ ಬಾಯಿಪಾಠ ಆಗುತ್ತದೆ. ಸ್ವಂತ ಪ್ರಾರ್ಥನೆ ಮಾಡುವವರನ್ನು ಆರು ವಾರ ಗಮನಿಸಿ. ಅದೇ ನಾಲ್ಕು ವಾಕ್ಯ, ಅದೇ ‘ಸ್ತೋತ್ರ ಸ್ತೋತ್ರ’, ಅದೇ ಏರಿಳಿತ. ಪುಸ್ತಕ ಅಚ್ಚಾಗಿಲ್ಲ ಅಷ್ಟೆ.

ನನ್ನ ಮನಸ್ಸು ಬದಲಾದದ್ದು ಅಪ್ಪ ತೀರಿಕೊಂಡ ಮೇಲೆ. ಮಣ್ಣು ಮಾಡಿದ್ದು ಗುರುವಾರ. ಭಾನುವಾರ ಚರ್ಚಿಗೆ ಹೋದೆ, ಯಾಕೆ ಅಂತ ಕೇಳಬೇಡಿ, ಕಾಲು ಹೋಯಿತು. ಹಾಡೋಕೆ ಆಗಲಿಲ್ಲ. ಕಣ್ಣು ಮುಚ್ಚಿದರೆ ದೇವರಿಗೆ ಹೇಳುವ ಒಂದು ಮಾತೂ ನನ್ನ ಹತ್ತಿರ ಇರಲಿಲ್ಲ. ಸಿಟ್ಟು ಇತ್ತು, ಅದಕ್ಕೂ ಮಾತಿರಲಿಲ್ಲ. ಪುಸ್ತಕ ತೆರೆದೆ. ಅಪ್ಪ ಉಪಯೋಗಿಸುತ್ತಿದ್ದ ಪ್ರತಿ ಅದು. ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಪುಟಗಳ ಕೆಳ ಮೂಲೆ ಅವರ ಹೆಬ್ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಸಭೆಯವರು ಒಟ್ಟಿಗೆ ಓದುತ್ತಿದ್ದರು. ನನ್ನ ಕೈಲಿ ಅರ್ಧ ವಾಕ್ಯ ಆದಾಗ ಉಳಿದ ಅರ್ಧ ಅವರು ಮುಗಿಸುತ್ತಿದ್ದರು. ಆ ದಿನ ನಾನು ಪ್ರಾರ್ಥನೆ ಮಾಡಿದೆನಾ ಇಲ್ವಾ ಅಂತ ನನಗೆ ಹೇಳಲು ಬರುವುದಿಲ್ಲ. ನನ್ನ ಪಾಲಿನದನ್ನು ಬೇರೆಯವರು ಮಾಡಿದರು ಅನ್ನುವುದು ಮಾತ್ರ ಗೊತ್ತು.

ಅದಕ್ಕೇ ಹುಡುಗರಿಗೆ ಹೇಳುತ್ತೇನೆ: ನಿಮ್ಮ ಮಾತು ಇರುವಾಗ ನಿಮ್ಮ ಮಾತಿನಲ್ಲಿ ಮಾಡಿ. ಪುಸ್ತಕ ಇನ್ನೊಂದು ದಿನಕ್ಕೆ ಬೇಕಾಗುತ್ತದೆ.

ಮೊಬೈಲಿನಲ್ಲಿ ಬೈಬಲ್ ಓದಿದರೆ ತಪ್ಪಾ?

ಇಲ್ಲ. ಬೈಬಲ್ ಓದಿ ಸುಮ್ಮನಾದರೆ. ವಾಟ್ಸಾಪ್ ಮೆಸೇಜು ಪರದೆಯ ಮೇಲಿಂದ ಇಳಿದು ಬಂದಾಗ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಪೂರ್ತಿ ಕನ್ನಡ ಬೈಬಲ್ ಮೊದಲು ಅಚ್ಚಾಗಿದ್ದು ಬಳ್ಳಾರಿಯಲ್ಲಿ, 1831ರಲ್ಲಿ. ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಎಷ್ಟೋ ವರ್ಷ ಕೂತು ಮಾಡಿದ ಕೆಲಸ. ಅಚ್ಚಾದ ಬೈಬಲನ್ನು ಕೈಯಲ್ಲಿ ಹಿಡಿದಾಗ ಬೇರೆ ಏನೂ ಇಣುಕುವುದಿಲ್ಲ, ಅದೊಂದು ಅನುಕೂಲ.

ನಾವು ಯಾವಾಗಲೂ ಲೇಟು. ಅದೂ ಅಗೌರವನಾ?

ಹೌದು.

ಮಕ್ಕಳು ಗಲಾಟೆ ಮಾಡುತ್ತಾರೆ. ಹೊರಗೆ ಕರೆದುಕೊಂಡು ಹೋಗಬೇಕಾ?

ತುಂಬಾ ಅತ್ತರೆ ಸ್ವಲ್ಪ ಹೊತ್ತು ಕರೆದುಕೊಂಡು ಹೋಗಿ, ಮಗುವಿಗೂ ಗಾಳಿ ಬೇಕು. ಆಮೇಲೆ ವಾಪಸ್ ಕರೆದುಕೊಂಡು ಬನ್ನಿ. ತಿರುಗಿ ತಿರುಗಿ ನೋಡುವ ಹಿರಿಯರಿಗೆ ಹೆದರಬೇಡಿ. ಮಕ್ಕಳನ್ನು ಅಡ್ಡಿ ಮಾಡಿದ್ದಕ್ಕೆ ಯೇಸು ಶಿಷ್ಯರ ಮೇಲೆ ಸಿಟ್ಟಾದ ಅಂತ ಮಾರ್ಕನ ಸುವಾರ್ತೆಯಲ್ಲೇ ಇದೆ. ಬೆಂಚಿನ ಕೆಳಗೆ ತೆವಳಿಕೊಂಡು ನಾಲ್ಕು ಸಾಲು ದಾಟಿದ ಒಂದು ಹುಡುಗ ನಮ್ಮಲ್ಲಿದ್ದ. ಈಗ ಅವನೇ ಡ್ರಮ್ಸ್ ಬಾರಿಸುತ್ತಾನೆ. ಹಿರಿಯರ ಸಿಟ್ಟು ಮಾತ್ರ ಇಳಿದಿಲ್ಲ.

ಮನೆಯಲ್ಲೇ ಯೂಟ್ಯೂಬಿನಲ್ಲಿ ಆರಾಧನೆ ನೋಡಿದರೆ ಸಾಲದಾ?

2020ರ ಏಪ್ರಿಲ್ 12, ಈಸ್ಟರ್. ಲಾಕ್‌ಡೌನ್. ಅವತ್ತು ಎಲ್ಲರೂ ಮನೆಯಲ್ಲೇ. ಅಮ್ಮ ರೇಷ್ಮೆ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು, ಟಿವಿ ಮುಂದೆ ಎದ್ದು ನಿಂತರು. ನಾನು ನೈಟಿಯಲ್ಲಿ ಸೋಫಾ ಮೇಲೆ. ಹಾಡು ಶುರುವಾದಾಗ ಅಮ್ಮ ನನ್ನ ಕಡೆ ಒಂದು ಸಲ ನೋಡಿದರು, ಏನೂ ಹೇಳಲಿಲ್ಲ. ನಾನೂ ಎದ್ದು ನಿಂತೆ. ಪರದೆಯಲ್ಲಿ ಭಕ್ತಿ ಆಗಲ್ಲ ಅನ್ನುವ ಮಾತನ್ನು ನಾನು ಅವತ್ತಿನಿಂದ ಹೇಳುತ್ತಿಲ್ಲ.

ಹಾಸಿಗೆ ಹಿಡಿದವರಿಗೆ, ವಿದೇಶದಲ್ಲಿದ್ದು ಕನ್ನಡ ಸಭೆ ಸಿಗದವರಿಗೆ ಅದು ದೊಡ್ಡ ಉಪಕಾರ. ಉಳಿದವರಿಗೆ ಒಂದು ಕೊರತೆ ಇದ್ದೇ ಇದೆ. ಯೂಟ್ಯೂಬಿನಲ್ಲಿ ಪಾದ್ರಿಯ ಪ್ರಸಂಗ ಬೇಜಾರಾದರೆ ಓಡಿಸಬಹುದು, ಇಷ್ಟವಿಲ್ಲದವರ ಪಕ್ಕ ಕೂರಬೇಕಾಗಿಲ್ಲ. ಕರ್ತನ ಭೋಜನ ಪರದೆಯಿಂದ ಕೈಗೆ ಬರುವುದೂ ಇಲ್ಲ. ಕ್ಯಾಥೊಲಿಕರು ಟಿವಿಯಲ್ಲಿ ಬಲಿಪೂಜೆ ನೋಡುವವರಿಗೆ ಕ್ರಿಸ್ತನನ್ನು ಮನಸ್ಸಿನಲ್ಲಿ ಬರಮಾಡಿಕೊಳ್ಳುವ ಒಂದು ಪ್ರಾರ್ಥನೆ ಇಟ್ಟಿದ್ದಾರೆ, ಆದರೆ ಪರಮಪ್ರಸಾದ (ಕರ್ತನ ಭೋಜನಕ್ಕೆ ಅವರು ಹೇಳುವ ಹೆಸರು) ಸ್ವೀಕರಿಸಿದ್ದಕ್ಕೆ ಅದು ಸಮ ಅಂತ ಅವರೂ ಹೇಳುವುದಿಲ್ಲ.

ಸುಗ್ಗಿ ಹಬ್ಬದ ದಿನ ಚರ್ಚಿನಲ್ಲಿ ಹರಾಜು ಕೂಗುತ್ತಾರೆ. ಅದು ಸಂತೆ ಥರ ಅಲ್ವಾ?

ಸಂತೆ ಥರಾನೇ. ನನಗೆ ವರ್ಷದಲ್ಲಿ ಅತ್ಯಂತ ಇಷ್ಟವಾದ ದಿನ ಅದು. ನಮ್ಮಲ್ಲಿ ಹಾರ್ವೆಸ್ಟ್ ಅಂತಲೇ ಕರೆಯುವುದು ಜಾಸ್ತಿ. ಜನ ಬಾಳೆಗೊನೆ, ತೆಂಗಿನಕಾಯಿ, ರಾಗಿ, ನುಗ್ಗೆಕಾಯಿ, ಕೋಳಿ, ಕೇಕು, ಉಪ್ಪಿನಕಾಯಿ ತಂದು ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ವರ್ಷ ಒಬ್ಬ ವಿಧವೆ ತಂದ ಸಣ್ಣ ಕುಂಬಳಕಾಯಿ ಮುನ್ನೂರಕ್ಕೆ ಹೋಯಿತು. ತೆಗೆದುಕೊಂಡವರು ಅಲ್ಲೇ ವಾಪಸ್ ಕೊಟ್ಟರು, ಮತ್ತೆ ಹರಾಜಾಯಿತು. ಹೀಗೆ ಐದು ಸಲ. ಕೊನೆಗೆ ಆ ಕುಂಬಳಕಾಯಿ ಆಕೆಯ ಮಡಿಲಿಗೇ ಬಂತು. ಆಕೆ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಕೋಳಿ ಈ ನಡುವೆ ತಪ್ಪಿಸಿಕೊಂಡು ಬಲಿಪೀಠದ ಹತ್ತಿರ ಓಡಿತ್ತು, ಅದು ಬೇರೆ ಕಥೆ.

ಹೆಚ್ಚು ಕೂಗಿ ದೊಡ್ಡಸ್ತಿಕೆ ತೋರಿಸುವವರೂ ಇರುತ್ತಾರೆ. ಇಲ್ಲ ಅನ್ನಲ್ಲ. ಅವರ ದುಡ್ಡೂ ಚರ್ಚಿನ ಚಾವಣಿ ರಿಪೇರಿಗೇ ಹೋಗುತ್ತದೆ.

ಮಂಗಳೂರು ಕಡೆ ಕ್ಯಾಥೊಲಿಕರ ತೆನೆ ಹಬ್ಬ ಸೆಪ್ಟೆಂಬರ್ 8ರಂದು, ಮರಿಯಳ ಹುಟ್ಟಿದ ದಿನ. ಮಕ್ಕಳು ಹೂವು ಅರ್ಪಿಸುತ್ತಾರೆ, ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ. ಆ ಅಕ್ಕಿಯನ್ನು ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಹೊರಗೆ ದುಡಿಯುವವರಿಗೆ ತೆನೆಯ ಕಾಳನ್ನು ಪೋಸ್ಟಿನಲ್ಲಿ ಕಳಿಸುವ ಮನೆಗಳಿವೆ.

ಕಾಣಿಕೆ ತಟ್ಟೆಗೆ ಎಷ್ಟು ಹಾಕಬೇಕು?

ನಿಮಗೆ ಬಿಟ್ಟದ್ದು. ಕ್ಯೂಆರ್ ಕೋಡ್ ಅಂಟಿಸಿದ ಮೇಲೆ ಪಕ್ಕದವರ ನೋಟು ನೋಡುವ ಕಾಟ ತಪ್ಪಿದೆ, ಅದು ಒಳ್ಳೆಯದೇ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಒಂದು ಚೆಂದದ ಪದ್ಧತಿ ಇದೆ. 1910ರಿಂದ ನಡೆದು ಬಂದಿದೆ. ಅಡುಗೆಗೆ ಅಕ್ಕಿ ಅಳೆಯುವಾಗೆಲ್ಲ ಹೆಂಗಸರು ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ. ಅದು ಚರ್ಚಿಗೆ. ದಿನಕ್ಕೆ ಎರಡು ಹೊತ್ತು ಒಲೆ ಮುಂದೆಯೇ ಕಾಣಿಕೆ.

ಎಲ್ಲ ಕ್ರಮವಾಗಿ ನಡೆಯುತ್ತದೆ, ಆದರೆ ಸಭೆಯೊಳಗೆ ಜಗಳ, ಜಾತಿ, ಕಮಿಟಿ ರಾಜಕೀಯ. ಇದೆಂಥ ಆರಾಧನೆ?

ಹೊಂಗೆ ಮರದ ಕೆಳಗೆ ಈ ಪ್ರಶ್ನೆ ಕೇಳುವಾಗ ಜನ ದನಿ ತಗ್ಗಿಸುತ್ತಾರೆ.

ಹೊಸ ರೋಗ ಅಲ್ಲ. ಬೈಬಲ್ ಕಾಲದ ಕೊರಿಂಥ ಊರಿನ ಸಭೆಯಲ್ಲಿ ಕರ್ತನ ಭೋಜನದ ಹೊತ್ತಿಗೆ ಉಳ್ಳವರು ಮೊದಲೇ ತಿಂದು ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಅಪೊಸ್ತಲ ಪೌಲ ಅವರಿಗೆ ಪತ್ರ ಬರೆದು ಬೈದಿದ್ದಾನೆ. ನಮ್ಮ ದಕ್ಷಿಣ ಭಾರತದಲ್ಲಿ ತಂಜಾವೂರು ಕಡೆಯ ಹಳೆ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರು ಬೇರೆಯಾಗಿ ಕೂರುತ್ತಿದ್ದರು, ಭೋಜನವನ್ನೂ ಮೊದಲು ತೆಗೆದುಕೊಳ್ಳುತ್ತಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ಕೂಡಲೇ ಬಿಡಬೇಕು ಅಂತ ಪತ್ರ ಬರೆದಾಗ ಎಷ್ಟೋ ಜನ ಸಭೆಯನ್ನೇ ಬಿಟ್ಟರು, ಜಾತಿ ಬಿಡಲಿಲ್ಲ. ಅವರೂ ಮಂಡಿಯೂರಿಯೇ ಭೋಜನ ತೆಗೆದುಕೊಳ್ಳುತ್ತಿದ್ದವರು. ಅವರ ಭಕ್ತಿಯಲ್ಲಿ ನನಗೆ ಅನುಮಾನವಿಲ್ಲ, ಅದೇ ನನ್ನನ್ನು ಹೆದರಿಸುವುದು. ಇವತ್ತು ಬೆಂಚು ಬೇರೆ ಇಲ್ಲದಿರಬಹುದು. ಮದುವೆ ಮಾತು ಬಂದಾಗ ‘ನಮ್ಮವರಾ?’ ಅಂತ ಕೇಳುತ್ತಾರಲ್ಲ, ಅದರಲ್ಲಿ ಇದೆ.

ಆಮೋಸ 5ರಲ್ಲಿ ದೇವರು ನಿಮ್ಮ ಹಾಡುಗಳ ಗದ್ದಲ ನನಗೆ ಬೇಡ, ನ್ಯಾಯ ಹೊಳೆಯ ಹಾಗೆ ಹರಿಯಲಿ ಅನ್ನುತ್ತಾನೆ. ಆರ್ಗನ್ನಾ ಗಿಟಾರಾ ಅಂತ ಅಲ್ಲಿ ಕೇಳಲೇ ಇಲ್ಲ.

ನಮ್ಮ ಆರಾಧನಾ ಕ್ರಮದಲ್ಲಿ ಇದಕ್ಕೆ ಒಂದು ಜಾಗ ಇದೆ. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಆಂಗ್ಲಿಕನ್, ಮೆಥೊಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಮೂಲದವರು ಒಂದಾದರು. 1950ರಲ್ಲಿ ಬಂದ ಹೊಸ ಕ್ರಮದಲ್ಲಿ ‘ಸಮಾಧಾನ’ ಹಂಚುವ ಪದ್ಧತಿಯನ್ನು ಸೇರಿಸಿದರು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಮೊದಲಿನಿಂದ ಇದ್ದದ್ದು. ಒಬ್ಬರು ಕೈ ಮುಗಿದು ಚಾಚುತ್ತಾರೆ, ಇನ್ನೊಬ್ಬರು ಆ ಕೈಗಳನ್ನು ತಮ್ಮ ಎರಡು ಕೈಯೊಳಗೆ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಇಬ್ಬರು ಅಣ್ಣತಮ್ಮಂದಿರು ಜಮೀನಿನ ವಿಷಯಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಸಮಾಧಾನ ಕೊಡುವ ಹೊತ್ತಿಗೆ ದೊಡ್ಡವರು ಪ್ರತಿ ಸಲ ಬಗ್ಗಿ ಕನ್ನಡಕ ಒರೆಸುತ್ತಿದ್ದರು. ಒಂದು ಭಾನುವಾರ ಕನ್ನಡಕ ಮರೆತು ಬಂದಿದ್ದರೋ ಏನೋ, ಕೈ ಚಾಚಿದರು. ಕೇಸು ಇನ್ನೂ ಕೋರ್ಟಿನಲ್ಲಿದೆ. ಮಾತಾಡುತ್ತಾರೆ.

ಆರಾಧನೆಯಲ್ಲಿ ಮೌನ ಯಾಕೆ ಇಲ್ಲ?

ನಮಗೆ ಭಯ. ಹತ್ತು ಸೆಕೆಂಡ್ ಸದ್ದಿಲ್ಲ ಅಂದರೆ ಮೈಕ್ ಕೆಟ್ಟಿದೆ ಅಂತ ಯಾರೋ ಎದ್ದು ಓಡುತ್ತಾರೆ. ಫ್ರಾನ್ಸಿನ ತೆಜೇ ಆಶ್ರಮದಲ್ಲಿ ಸಾವಿರಾರು ಯುವಕರು ಸಣ್ಣ ಹಾಡನ್ನು ಮತ್ತೆ ಮತ್ತೆ ಹಾಡಿ, ಆಮೇಲೆ ಎಷ್ಟೋ ನಿಮಿಷ ಸುಮ್ಮನೆ ಕೂರುತ್ತಾರೆ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರ ಹಳೆ ಪದ್ಧತಿಯಲ್ಲಂತೂ ಆರಾಧನೆಯೇ ಮೌನ. ನಮ್ಮಲ್ಲಿ ಅಂಥ ಮೌನ ನಾನು ಕಂಡಿರುವುದು ಶುಭ ಶುಕ್ರವಾರ ಮಾತ್ರ. ಹನ್ನೆರಡರಿಂದ ಮೂರರವರೆಗೆ, ಏಪ್ರಿಲ್ ಬಿಸಿಲು, ಬಿಳಿ ಸೀರೆಗಳು, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಆರನೇ ಮಾತಿನ ಹೊತ್ತಿಗೆ ಫ್ಯಾನಿನ ಕಟಕಟ ಬಿಟ್ಟರೆ ಏನೂ ಇರುವುದಿಲ್ಲ.

ನಾನು ಕ್ರೈಸ್ತಳಲ್ಲ. ಗೆಳತಿಯ ಮದುವೆಗೆ ಚರ್ಚಿಗೆ ಬರುತ್ತಿದ್ದೇನೆ. ಹೇಗಿರಬೇಕು?

ಧಾರಾಳವಾಗಿ ಬನ್ನಿ. ಉಳಿದವರು ಎದ್ದಾಗ ಏಳಿ, ಕೂತಾಗ ಕೂರಿ. ಮಂಡಿಯೂರಬೇಕು ಅಂತಿಲ್ಲ. ಹಾಡು ಗೊತ್ತಿಲ್ಲದಿದ್ದರೆ ಸುಮ್ಮನೆ ನಿಲ್ಲಿ, ನಮ್ಮಲ್ಲೇ ಅರ್ಧ ಜನಕ್ಕೆ ಎರಡನೇ ಚರಣ ಬರುವುದಿಲ್ಲ. ಭೋಜನಕ್ಕೆ ಅಥವಾ ಪರಮಪ್ರಸಾದಕ್ಕೆ ಸಾಲು ಹೋದರೆ ನೀವು ಬೆಂಚಿನಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಫೋಟೋಗ್ರಾಫರ್ ಬಲಿಪೀಠದ ಹತ್ತಿರ ಹೋದ ಅಂತ ನೀವೂ ಮೊಬೈಲ್ ಹಿಡಿದು ಹೋಗಬೇಡಿ, ಅವನ ಮೇಲೂ ಪಾದ್ರಿ ಅಯ್ಯನವರು ಸಿಟ್ಟಾಗಿರುತ್ತಾರೆ.

ಮುಗಿದ ಮೇಲೆ ಚರ್ಚ್ ಹಾಲ್‌ನಲ್ಲಿ ಊಟ ಇರುತ್ತದೆ. ಬಿರಿಯಾನಿ ಬೇಗ ಖಾಲಿಯಾಗುತ್ತೆ, ಫೋಟೋ ಸಾಲಿನಲ್ಲಿ ಆಮೇಲೆ ನಿಲ್ಲಿ.